ಪದ್ಮಿನಿಗೊಂದು ರವಿಕೆ

ಗೃಹಿಣಿಯೊಬ್ಬಳು ಮೋಟಾರು ಗಾಡಿಯ ರೇಡಿಯೇಟರಿನ ಬಗ್ಗೆ ಬರೆಯುತ್ತಾಳೆಂದರೆ ನೀವು ಹುಬ್ಬೇರಿಸುವುದು ಸಹಜ. ನನ್ನಿಂದ ಶೇಂಗಾ ಹೋಳಿಗೆಯ ವಿಧಾನವನ್ನೋ, ಊರಿನ ನಾಗರಪಂಚಮಿಯ ಜೋಕಾಲಿಯ ನೆನಪನ್ನೋ ನಿರೀಕ್ಷಿಸಿದ್ದವರ ಕ್ಷಮೆ ಕೇಳಿಯೇ ಮುಂದುವರಿಯುತ್ತೇನೆ. ಈ ಸಲ ನಮ್ಮ ಪದ್ಮಿನಿಯ ಕಥೆ.

ಪದ್ಮಿನಿಯೆಂದರೆ ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರು. ಇಟಲಿಯ ಫಿಯಟ್ 1100 ಮಾದರಿಯಿಂದ ಹುಟ್ಟಿ, ಇಲ್ಲೇ ಕುರ್ಲಾದಲ್ಲಿ ತಯಾರಾದದ್ದು. 1089 ಸಿ.ಸಿ. ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮಾವನವರು 1986ರಲ್ಲಿ ಕೊಂಡದ್ದು. 1993ರಲ್ಲಿ ನಾನು ಧಾರವಾಡದಿಂದ ಮದುವೆಯಾಗಿ ಬಂದಾಗ ದಾದರ್ ಸ್ಟೇಷನ್ನಿನಿಂದ ಚೆಂಬೂರಿನ ಮನೆಗೆ ನನ್ನನ್ನು ಕರೆತಂದದ್ದು ಇದೇ ಗಾಡಿ. ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದುಡಿದ ಅದರ ಅಕ್ಕತಂಗಿಯರೆಲ್ಲ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತರಾದರು. ನಮ್ಮದು ಮಾತ್ರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಇನ್ನೂ ಸಂಸಾರ ಮಾಡುತ್ತಿದೆ.

ಈ ಗಾಡಿಯ ಚಾಕರಿಯೆಲ್ಲ ನಮ್ಮವರದು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರೆಂದರೆ ಊಟಕ್ಕೆ ಮೂರು ಸಲ ಕರೆಯಬೇಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೀಗಿರುವಾಗ ನಾಲ್ಕು ವರ್ಷಗಳ ಹಿಂದೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಕೈ ನಡುಗತೊಡಗಿತು. ಒಂದು ದಿನ ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಇನ್ನು ನೀನೇ" ಎಂದರು. ಆಮೇಲೆ ಅವರು ಬಾನೆಟ್ ಎತ್ತಲೂ ಇಲ್ಲ, ಕೆಳಗಿಳಿದು ಗಾಡಿಯ ಹತ್ತಿರ ಹೋಗಲೂ ಇಲ್ಲ.

ಕಳೆದ ವರ್ಷ ಹಳೆಯ ರೇಡಿಯೇಟರು ಸೋರತೊಡಗಿತು. ಎರಡು ಸಲ ಬೆಸುಗೆ ಹಾಕಿಸಿದ್ದಾಯಿತು. ಕೊನೆಗೆ ಗ್ಯಾರೇಜಿನವರು ಮಾರುಕಟ್ಟೆಯಲ್ಲಿ ಸಿಗುವ ಅಲ್ಯೂಮಿನಿಯಂ ರೇಡಿಯೇಟರೊಂದನ್ನು ತಂದು ಕೂರಿಸಿದರು. ಹಳೆಯದಕ್ಕಿಂತ ಅಗಲವಾದದ್ದು. ಫ್ಯಾನಿನ ಸುತ್ತ ಇದ್ದ ತಗಡಿನ ಕವಚ ಅದಕ್ಕೆ ಹೊಂದಲಿಲ್ಲ. "ಇದರ ಅಗತ್ಯವಿಲ್ಲ ಬಿಡಿ" ಎಂದು ಡಿಕ್ಕಿಯಲ್ಲಿ ಹಾಕಿ ಕಳಿಸಿದರು.

ಹೊಸ ರೇಡಿಯೇಟರು ಹೊಳೆಯುತ್ತಿತ್ತೇನೋ ನಿಜ. ಹೈವೇಯಲ್ಲಿ ಗಾಡಿ ತಣ್ಣಗೆ ಓಡುತ್ತಿತ್ತು. ಆದರೆ ಸಾಯನ್ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಸಾಕು, ಉಷ್ಣತೆಯ ಮುಳ್ಳು ಮೇಲೇರುತ್ತಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವಾಗ ಬಾನೆಟ್ಟಿನಿಂದ ಹಬೆಯೇ ಎದ್ದಿತು. ಅವರನ್ನು ಇಳಿಸಿ ಫುಟ್‌ಪಾತಿನಲ್ಲಿ ಕೂರಿಸಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದೆ. "ಮುಟ್ಟಬೇಡ!" ಎಂದು ಕೂಗಿದರು. ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿ ಎಷ್ಟೋ ತಿಂಗಳಾಗಿತ್ತು. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಬಿಸಿಯಲ್ಲಿ ಮುಚ್ಚಳ ತೆರೆದರೆ ಮುಖದ ಮೇಲೇ ಚಿಮ್ಮುತ್ತದೆ. ಕುಕ್ಕರಿನ ಮುಚ್ಚಳ ತೆಗೆಯುವ ನಮಗೆ ಇದನ್ನು ಹೇಳಬೇಕೇ? ಆದರೂ ಗಾಬರಿಯಲ್ಲಿ ಮರೆತಿದ್ದೆ. ಬಿಸಿಲಿನಲ್ಲಿ ಒಂದು ಗಂಟೆ ಕಾದೆವು.

ಸಂಜೆ ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಸಾಕಮ್ಮ, ಮಾರಿಬಿಡಿ" ಎಂದ. ಇವರು ಮಾತಾಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ, "ಶ್ರೌಡ್ ಬೇಕು" ಎಂದರು. ನನ್ನ ಎದೆ ಧಸಕ್ಕೆಂದಿತು. ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದ ನನಗೆ ಗೊತ್ತಿದ್ದ ಶ್ರೌಡ್ ಒಂದೇ, ಹೆಣಕ್ಕೆ ಹೊದಿಸುವ ಬಟ್ಟೆ. ನಾನು ದೀಪ ಹಾಕಿ ಅವರ ಮುಖ ನೋಡಿದೆ. "ಫ್ಯಾನಿನ ಶ್ರೌಡ್ ಮಾರಾಯ್ತಿ, ಡಿಕ್ಕಿಯಲ್ಲಿದೆಯಲ್ಲ, ಅದು" ಎಂದು ನಕ್ಕರು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಅತ್ತೆ ಕೂಡ.

ಮರುದಿನ ಕಾಗದದ ಮೇಲೆ ಗೀಚಿ ವಿವರಿಸಿದರು. ಗಾಡಿ ವೇಗವಾಗಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರಿನೊಳಗೆ ನುಗ್ಗುತ್ತದೆ. ನಿಂತಾಗ ಫ್ಯಾನೇ ಎಳೆಯಬೇಕು. ಕವಚವಿಲ್ಲದ ಫ್ಯಾನು ತನ್ನೆದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ. ಮೂಲೆಗಳು ಹಾಗೇ ಬಿಸಿಯಾಗಿ ಉಳಿಯುತ್ತವೆ. ಸಾಲದ್ದಕ್ಕೆ ಎಂಜಿನ್ನಿನ ಬಿಸಿಗಾಳಿಯೇ ಅಂಚಿನಿಂದ ಸುತ್ತಿಬಂದು ಮತ್ತೆ ಫ್ಯಾನಿಗೆ ಸಿಗುತ್ತದೆ. ಕವಚವಿದ್ದರೆ ಇಡೀ ರೇಡಿಯೇಟರಿನ ಮೂಲಕವೇ ಗಾಳಿ ಬರಬೇಕು, ಬೇರೆ ದಾರಿಯಿಲ್ಲ. ಅಜ್ಜಿಯ ಊದುಗೊಳವೆ ನೆನಪಾಯಿತು. ಬರೀ ಬಾಯಲ್ಲಿ ಊದಿದರೆ ಬೂದಿ ಹಾರುತ್ತದೆ, ಕೊಳವೆಯಲ್ಲಿ ಊದಿದರೆ ಕೆಂಡ ಹೊತ್ತುತ್ತದೆ.

ಅವಸರಪಡದೆ ಮೊದಲು ಬೆಲ್ಟಿನ ಬಿಗಿ, ಥರ್ಮೋಸ್ಟಾಟ್, ನೀರಿನ ಪಂಪು ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ಅವೆಲ್ಲ ಸರಿಯಿದ್ದವು. ಆಮೇಲೆ ನನ್ನ ಕೆಲಸ ಶುರುವಾಯಿತು. ಮೂವತ್ತು ವರ್ಷ ರವಿಕೆ ಹೊಲಿದವಳಿಗೆ ಅಳತೆ ಹೊಸದೇ? ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾದರಿ ಮಾಡಿದೆ. ಎಂಜಿನ್ ತಣ್ಣಗಿರುವಾಗ, ಕೀಲಿ ತೆಗೆದಿಟ್ಟು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದೆ. ಫ್ಯಾನಿನ ರೆಕ್ಕೆ ಅರ್ಧ ಕವಚದ ಒಳಗೆ, ಅರ್ಧ ಹೊರಗೆ ಇರಬೇಕೆಂದು ಅವರ ಸೂಚನೆ. ಮಾದರಿ ಹಿಡಿದು ಕುರ್ಲಾದ ತಗಡಿನ ಕೆಲಸದವರ ಬಳಿ ಹೋಗಿ ಅಲ್ಯೂಮಿನಿಯಂ ಹಾಳೆಯಲ್ಲಿ ಮಾಡಿಸಿ ತಂದೆ.

ಕೂರಿಸಲು ಬಂದ ಗ್ಯಾರೇಜಿನ ಹುಡುಗ ರೇಡಿಯೇಟರಿನ ಜಾಲರಿಯಲ್ಲೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟಿಬಿಡೋಣವೆಂದ. ನಮ್ಮವರು ಬಿಡಲಿಲ್ಲ. ಅದುರಿ ಅದುರಿ ಪಟ್ಟಿ ತೆಳ್ಳಗಿನ ಕೊಳವೆಗಳನ್ನು ಸವೆಸಿ ತೂತು ಮಾಡುತ್ತದಂತೆ. ರೇಡಿಯೇಟರಿನ ಎರಡು ಬದಿಯ ಪಟ್ಟಿಗಳಲ್ಲಿದ್ದ ರಂಧ್ರಗಳಿಗೇ ರಬ್ಬರ್ ವಾಷರ್ ಕೊಟ್ಟು ಬೋಲ್ಟ್ ಹಾಕಿದೆವು. ಸಂದಿಯಲ್ಲಿ ಗಾಳಿ ಕದಿಯದಂತೆ ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆವು.

ತಪ್ಪು ಮಾಡಿದ್ದು ನಾನು. ರವಿಕೆಯ ತೋಳಿನಂತೆ ಬಿಗಿಯಾಗಿರಲೆಂದು ಫ್ಯಾನಿನ ಸುತ್ತ ಕಾಲಿಂಚು ಮಾತ್ರ ಜಾಗ ಬಿಟ್ಟಿದ್ದೆ. ಸ್ಟಾರ್ಟ್ ಮಾಡಿದಾಗ ಸುಮ್ಮನಿತ್ತು. ಆಕ್ಸಿಲರೇಟರ್ ಒತ್ತಿದೊಡನೆ ಕಟಕಟ ಸದ್ದು! ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಅಲುಗಾಡುತ್ತದೆ. ರೇಡಿಯೇಟರು ಬಾಡಿಗೆ ಬಿಗಿದಿರುತ್ತದೆ, ಅಲುಗುವುದಿಲ್ಲ. "ಉಸಿರಾಡಲು ಜಾಗ ಬಿಡಬೇಕಮ್ಮ" ಎಂದರು. ಕವಚ ಬಿಚ್ಚಿ, ರಂಧ್ರವನ್ನು ಅಗಲಿಸಿ, ಸುತ್ತ ಮುಕ್ಕಾಲು ಇಂಚು ಬಿಟ್ಟೆ. ಸದ್ದು ನಿಂತಿತು.

ಇದೆಲ್ಲ ನಾಲ್ಕು ಭಾನುವಾರಗಳ ಕೆಲಸ. ಅಷ್ಟೂ ದಿನ ಅವರು ಕೆಳಗಿಳಿದು ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟಾರ್ಚ್ ಹಿಡಿದರು. ಬೆಳಕು ನಡುಗುತ್ತಿತ್ತು. ಹೇಳುವ ಮಾತು ಮಾತ್ರ ನಡುಗುತ್ತಿರಲಿಲ್ಲ. ಈಗ ಅದೇ ಸಾಯನ್ ಸಿಗ್ನಲ್ಲಿನಲ್ಲಿ ಮುಳ್ಳು ತನ್ನ ಜಾಗದಲ್ಲೇ ಇರುತ್ತದೆ. ಅವರು ಪಕ್ಕದ ಸೀಟಿನಿಂದ ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಹೊಗಳುವ ಅಭ್ಯಾಸ ಮೊದಲಿನಿಂದಲೂ ಇಲ್ಲ.

ಓದುಗರೇ, ನಿಮ್ಮಲ್ಲಿ ಹಳೆಯ ಕಾರು ಇರುವವರು ಬಹಳ ಮಂದಿ ಇರಲಾರರು. ಆದರೆ ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅವರ ಪಕ್ಕದಲ್ಲಿ ಕೂತು ಈಗಲೇ ಕಲಿತುಕೊಳ್ಳಿ. ಕೈ ನಡುಗಿದರೂ ಚಿಂತೆಯಿಲ್ಲ, ಟಾರ್ಚ್ ಅವರೇ ಹಿಡಿಯಲಿ.