ಅಟ್ಟ ಹತ್ತದ ಹಲಗೆ

ವಸ್ತುಗಳನ್ನು ಬಳಸುವುದನ್ನು ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಬಳಸದೆ ಎತ್ತಿಡುವುದನ್ನು ಕಲಿಸುವವರು ಕಡಮೆ. ನಮ್ಮ ಮನೆಗಳಲ್ಲಿ ಈ ವಿದ್ಯೆ ಹೆಂಗಸರ ಪಾಲಿಗೆ ಬಂದದ್ದು. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಇಡುವುದು, ರೇಷ್ಮೆ ಸೀರೆಯ ಮಡಿಕೆ ಬದಲಿಸುವುದು, ಇವೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವೇ ಹೊರತು ಕೈಗೆ ಬಂದಿರಲಿಲ್ಲ. ಅರುವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಆ ಯೋಗ ಒದಗಿದ್ದು ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ, ಮಗಳ ಸ್ನೋಬೋರ್ಡಿನ ನೆಪದಿಂದ.

ಸ್ನೋಬೋರ್ಡ್ ಎಂದರೆ ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸಾಧನ. 1965ರ ಕ್ರಿಸ್‌ಮಸ್ ದಿನ ಮಿಷಿಗನ್ನಿನ ಶರ್ಮನ್ ಪಾಪನ್ ಎಂಬ ಎಂಜಿನಿಯರು ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಒಂದಾಗಿ ಜೋಡಿಸಿಕೊಟ್ಟ. ಎಲ್ಲಕ್ಕೂ ಮೂಲ ಅದು. ನೋಡಿ, ಇಲ್ಲೂ ಒಬ್ಬ ತಂದೆಯ ಕೈವಾಡ! 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟಿನಲ್ಲಿ ಹಲಗೆ ಮಾಡುವ ಉದ್ಯಮ ಆರಂಭಿಸಿದ. 1998ರಲ್ಲಿ ಜಪಾನಿನ ನಾಗಾನೊದಲ್ಲಿ ಆಟ ಒಲಿಂಪಿಕ್ಸನ್ನೂ ಸೇರಿತು.

ಫೆಬ್ರವರಿಯಲ್ಲಿ ಮಗಳು ಬಿದ್ದಳು. ಮೊಣಕಾಲಿನೊಳಗಿನ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾಯಿತು. ನಾವಿಬ್ಬರೂ ಓಡಿದೆವು. ಒಂಬತ್ತು ತಿಂಗಳಾದರೂ ಹಲಗೆಯ ಮಾತೆತ್ತಬಾರದೆಂದು ವೈದ್ಯರ ಕಟ್ಟಪ್ಪಣೆ. ಏಪ್ರಿಲ್ ಹೊತ್ತಿಗೆ ಹಿಮ ಕರಗಿ ರಸ್ತೆಯೆಲ್ಲ ಕೆಸರಾಯಿತು. "ಅಲ್ಲಾರೀ, ಆ ಪೀಡೇನ ಮಾರಿಬಿಡೋಕೆ ಹೇಳಿ" ಎಂದಳು ನನ್ನಾಕೆ. ನನ್ನ ಮತವೂ ಅದೇ. ಆದರೆ ಕಾಲು ಚಾಚಿ ಕುಳಿತ ಮಗಳು, "ಅಪ್ಪ, ಬೇಸಗೆಗೆ ಅದನ್ನ ಸರಿಯಾಗಿ ಎತ್ತಿಡಬೇಕು. ನಾನು ಹೇಳ್ತೀನಿ, ನೀನು ಮಾಡಿಕೊಡ್ತೀಯಾ?" ಎಂದಳು. ಬಗ್ಗಲಾರದವಳು ಕೇಳಿದಾಗ ಏನೆನ್ನಲಿ?

ಮೊದಲು ಪಾದ ಬಿಗಿಯುವ ಬೈಂಡಿಂಗುಗಳನ್ನು ಬಿಚ್ಚಬೇಕು. ಅವುಗಳ ತಿರುಪುಗಳು ತಿಂಗಳುಗಟ್ಟಲೆ ಹಲಗೆಯನ್ನು ಎಳೆದು ಹಿಡಿದಿದ್ದರೆ ತಳ ಅಲ್ಲಲ್ಲಿ ಕುಳಿ ಬೀಳುವುದುಂಟು. ತಂಬೂರಿಯ ತಂತಿ ಸಡಿಲಿಸಿದ ಹಾಗೆ ಎಂದುಕೊಂಡೆ. ತಿರುಪುಗಳು ಖಾಲಿ ಉಪ್ಪಿನಕಾಯಿ ಶೀಷೆ ಸೇರಿದವು. ಬೂಟಿನ ಒಳಚೀಲಗಳನ್ನು ಹೊರಗೆಳೆದು ನೆರಳಿನಲ್ಲಿ ಒಣಗಿಸಿದ್ದಾಯಿತು. ಹಲಗೆಯ ಸುತ್ತ ಉಕ್ಕಿನ ಅಂಚು; ಅದರ ತುಕ್ಕಿನ ಚುಕ್ಕೆಗಳನ್ನು ಉಜ್ಜಿ ತೆಗೆದೆ.

ಆಮೇಲೆ ಮೇಣದ ಕೆಲಸ. ಅದಕ್ಕೆ ಬೇರೆಯೇ ಇಸ್ತ್ರಿಪೆಟ್ಟಿಗೆಯುಂಟು. ಬಟ್ಟೆಯದನ್ನು ಮುಟ್ಟಿದ್ದರೆ ನನ್ನಾಕೆ ಸುಮ್ಮನಿರುತ್ತಿದ್ದಳೇ? ಹಲಗೆಯ ತಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಅದು ಮೇಣವನ್ನು ಹೀರುತ್ತದೆ; ಒಣಗಲು ಬಿಟ್ಟರೆ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಚಳಿಗಾಲದ ಕೊನೆಯ ಹಿಮ ಕೊಳಕು ಹಿಮ. ಮೆದು ಮೇಣವನ್ನು ಕರಗಿಸಿ ಹರಡಿ, ಬಿಸಿಯಿರುವಾಗಲೇ ಕೆರೆದರೆ ಕೊಳೆ ಅದರ ಜೊತೆಗೇ ಬರುತ್ತದೆ, ಎಣ್ಣೆನೀರಿನ ದಿನ ಸೀಗೆಪುಡಿಗೆ ಬಂದ ಹಾಗೆ. ಎರಡು ಸಲ ಕೆರೆದೆ, ಕಪ್ಪು ನಿಂತಿತು. ಕೊನೆಗೆ ದಪ್ಪನೆಯ ಒಂದು ಲೇಪ, ಉಕ್ಕಿನ ಅಂಚೂ ಮುಚ್ಚುವಂತೆ. ಪೆಟ್ಟಿಗೆ ಒಂದೆಡೆ ನಿಲ್ಲಕೂಡದು, ಮೇಣದಿಂದ ಹೊಗೆಯೇಳಕೂಡದು. ಈ ಲೇಪವನ್ನು ಕೆರೆಯದೆ ಚಳಿಗಾಲದವರೆಗೆ ಹಾಗೆಯೇ ಬಿಡಬೇಕು.

ಮಗಳ ಕಾಲು ಮುರಿದ ಪದಾರ್ಥಕ್ಕೆ ಅಭ್ಯಂಜನ ಮಾಡಿಸುವುದು ಸುಲಭವಲ್ಲ. ಕೆಲಸ ಅರೆಬರೆಯಾದರೆ ಹಲಗೆ ತಾನೇ ಕೆಡುತ್ತದಲ್ಲ ಎಂಬ ಆಲೋಚನೆ ಸುಳಿಯದೆ ಇರಲಿಲ್ಲ. ಆದರೆ ಕೈಗೆ ತನ್ನದೇ ಒಂದು ಮಾನವಿದೆ. ಬೆಚ್ಚಗಿನ ಮೇಣ ನುಣ್ಣಗೆ ಹರಡತೊಡಗಿದ ಮೇಲೆ ಅದು ನನ್ನ ಮಾತು ಕೇಳಲಿಲ್ಲ. ಮುಗಿದ ಮೇಲೆ ಮಗಳು ಉಗುರಿನಿಂದ ಅಂಚನ್ನೆಲ್ಲ ಸವರಿ ನೋಡಿ, "ಅಪ್ಪ, ಇಲ್ಲಿ ಹತ್ತಿಲ್ಲ" ಎಂದು ಮೂತಿಯ ಬಳಿ ತೋರಿಸಿದಳು. ಪೆಟ್ಟಿಗೆಯನ್ನು ಮತ್ತೆ ಕಾಯಿಸಿದೆ.

ಎಲ್ಲಿಡುವುದು? ಬೇಡದ್ದೆಲ್ಲ ಅಟ್ಟ ಹತ್ತುವುದು ನಮ್ಮ ಸಂಪ್ರದಾಯ. ಅಲ್ಲಿ ಅದು ನಡೆಯದು. ಜುಲೈಯಲ್ಲಿ ಸೂರಿನಡಿ ಕುಲುಮೆಯಂಥ ಸೆಕೆ; ಮರ, ಗಾಜುನಾರು, ಅಂಟುಗಳ ಪದರಗಳಿಗೆ ಅದು ಆಗಿಬಾರದು. ನೆಲಮಾಳಿಗೆಯ ಕಾಂಕ್ರೀಟಿಗೆ ತೇವ. ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರು. ಕೊನೆಗೆ ಮಗಳ ಮಂಚದ ಕೆಳಗೇ ಜಾಗವಾಯಿತು, ಸಪಾಟಾಗಿ, ಮೇಲೇನೂ ಹೇರದೆ. ಅವಳು ಮೇಲೆ ಕಾಲಿನ ವ್ಯಾಯಾಮ ಮಾಡುತ್ತಿದ್ದಳು; ಅದು ಕೆಳಗೆ ಮಲಗಿತ್ತು.

ಆಗಸ್ಟಿನಲ್ಲಿ ನಾವು ಬೆಂಗಳೂರಿಗೆ ಮರಳಿದೆವು. ಭಾನುವಾರ ಫೋನಿನಲ್ಲಿ ನನ್ನಾಕೆ ಮೊಣಕಾಲು ಎಷ್ಟು ಮಡಿಸುತ್ತದೆಂದು ಕೇಳುತ್ತಾಳೆ. ಅವಳದು ಮುಗಿದ ಮೇಲೆ ನಾನು ಫೋನು ತೆಗೆದುಕೊಂಡು, ಮಂಚದ ಕೆಳಗೆ ಸೂಟ್‌ಕೇಸು ಗೀಟ್‌ಕೇಸು ತುರುಕಿಲ್ಲ ತಾನೇ ಎಂದು ವಿಚಾರಿಸುತ್ತೇನೆ.