ಹೊಸಪೇಟೆಯಿಂದ ಕಂಪ್ಲಿವರೆಗೆ, ಬಸ್ಸಲ್ಲೇ

ಹಂಪಿ ಎಕ್ಸ್‌ಪ್ರೆಸ್ ಇಳಿದು ಹೊಸಪೇಟೆ ನಿಲ್ದಾಣದ ಹೊರಗೆ ಕಾಲಿಟ್ಟರೆ ಸಾಕು, ಆಟೊದವರು ಸುತ್ತುಗಟ್ಟುತ್ತಾರೆ: "ಹಂಪಿ ಫುಲ್ ಡೇ, ಬರ್ರಿ ಮೇಡಂ." ದಿನಪೂರ್ತಿ ಆಟೊ ಹಿಡಿದರೆ ಗುಡಿಗಳನ್ನೆಲ್ಲ ನೋಡಬಹುದು, ನಿಜ. ಆದರೆ ಈ ಸೀಮೆಯ ಜನರನ್ನು ನೋಡಬೇಕೆಂದರೆ ಸರ್ಕಾರಿ ಬಸ್ಸೇ ಹತ್ತಬೇಕು. ಷೇರ್ ಆಟೊದಲ್ಲಿ ಬಸ್ ಸ್ಟ್ಯಾಂಡಿಗೆ ಬಂದು, ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ಹಂಪಿ ಬಸ್ ಹತ್ತಿದೆ. ಹದಿಮೂರು ಕಿಲೋಮೀಟರ್ ದಾರಿ.

ಬಸ್ಸಿನ ತುಂಬ ಹೆಂಗಸರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳ ಚಹರೆಯೇ ಬದಲಾಗಿದೆ. ಪಕ್ಕದ ಅಜ್ಜಿ ಎಲೆಯಡಿಕೆ ಸಂಚಿ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಆಧಾರ್ ಕಾರ್ಡು ತೆಗೆದಳು. "ಎಲ್ಲಿಗವ್ವಾ?" ಎಂದ ಕಂಡಕ್ಟರ್. "ಕಡ್ಡಿರಾಂಪುರಕ್ಕಪ್ಪ." ಕೈಯಲ್ಲಿದ್ದ ಮಷಿನ್ನಿಂದ ಶೂನ್ಯ ಟಿಕೆಟ್ ಹೊರಬಂತು. ಅಜ್ಜಿ ಅದನ್ನೂ ಮಡಚಿ ಸಂಚಿಗೆ ಸೇರಿಸಿದಳು. "ಮೊದ್ಲು ಮಗಳ ಮನಿಗೆ ಹಬ್ಬಕ್ಕೊಮ್ಮೆ ಹೋಗ್ತಿದ್ನವ್ವ, ಈಗ ನೆನಪಾದಾಗ ಹೋಗ್ತೀನಿ" ಎಂದಳು. ಆ ಮಾತು ಕೇಳಿ ನನಗೆ ಬಹಳ ಹಿಗ್ಗಾಯಿತು.

ಹಂಪಿಯೊಳಗೆ ಗೆಜ್ಜಲ ಮಂಟಪದಿಂದ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ. ಅಲ್ಲಿಂದ ತಳವಾರಘಟ್ಟಕ್ಕೆ ಬಂದರೆ ಹೊಳೆಯಾಚೆ ಆನೆಗೊಂದಿ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ನೀರಿನ ಮೇಲೆ ತಿರುಗುತ್ತ ತಿರುಗುತ್ತಲೇ ಸಾಗುತ್ತವೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದಕ್ಕೆ ಬಳಿದ ಡಾಂಬರು. ತಿರುಗುವುದು ಮಾತ್ರ ಹಾಗೇ ಇದೆ. ಹರಿಗೋಲಿನವನು ಮಂಡಿಯೂರಿ ಹುಟ್ಟು ಹಾಕುತ್ತಿದ್ದರೆ ಬಂಡೆಗಳೆಲ್ಲ ನಿಧಾನಕ್ಕೆ ನನ್ನ ಸುತ್ತ ಬಂದುಹೋದವು. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಆಮೇಲೆ ವಾಹನಗಳಿಗೆ ದಾರಿಯಾದದ್ದು ಬುಕ್ಕಸಾಗರ–ಕಡೆಬಾಗಿಲು ಸೇತುವೆ.

ಹೊಸಪೇಟೆಗೆ ಮರಳಿ ಹಿಡಿದ ಸಂಡೂರಿನ ದಾರಿಯೇ ಬೇರೆ. ಹೊಳೆ ಬಿಟ್ಟು ಬೆಟ್ಟದ ಕಡೆ ತಿರುಗಿದೊಡನೆ ಮಣ್ಣು ಕೆಂಪಾಗುತ್ತದೆ, ಎದುರಿಗೆ ಅದಿರಿನ ಲಾರಿಗಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟಿತು. ಊರಿಂದ ಪಾರ್ವತಿ–ಕುಮಾರಸ್ವಾಮಿ ಗುಡಿಗಳ ಬೆಟ್ಟಕ್ಕೆ, ಬಸ್ಸಿನಲ್ಲಿ ಪರಿಚಯವಾದವರ ಜೊತೆ ಸೇರಿ ಆಟೊ ಮಾಡಿಕೊಂಡೆವು, ಹೋಗಿ ಬರುವ ಬಾಡಿಗೆ ಮೊದಲೇ ಮಾತಾಡಿ. ಮಳೆ ಮುಗಿದ ಹೊತ್ತಿನ ಆ ಹಸಿರು ಕಂಡಾಗ, ಇಷ್ಟಾದರೂ ಉಳಿದಿದೆಯಲ್ಲ ಎನ್ನಿಸಿತು.

ಮತ್ತೆ ಹೊಸಪೇಟೆಗೆ ಬಂದು ಕಂಪ್ಲಿ ಬಸ್ ಹಿಡಿದೆ. ಕಮಲಾಪುರ ದಾಟಿದರೆ ಬಾಳೆ, ಕಬ್ಬು, ಭತ್ತ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇವತ್ತಿಗೂ ನೀರುಣಿಸುತ್ತಿರುವ ಗದ್ದೆಗಳು. ಹೊಸಪೇಟೆ ವಿಜಯನಗರ ಜಿಲ್ಲೆಯದು, ಕಂಪ್ಲಿ ಬಳ್ಳಾರಿಯದು, ಹೊಳೆಯಾಚೆಯ ಗಂಗಾವತಿ ಕೊಪ್ಪಳದ್ದು. ಬಸ್ಸಿನೊಳಗೆ ಇದು ಯಾರ ತಲೆಯಲ್ಲೂ ಇರುವುದಿಲ್ಲ. ಸಂತೆ, ಆಸ್ಪತ್ರೆ, ಬೀಗರ ಮನೆ ಎಲ್ಲ ಒಂದೇ ಸೀಮೆಯವು.

ಕಂಪ್ಲಿ ಕೋಟೆಯ ಬಳಿ ಗಂಗಾವತಿಗೆ ದಾಟುವ ಸೇತುವೆ ತಗ್ಗಿನದು. ತುಂಗಭದ್ರಾ ಡ್ಯಾಂ ತುಂಬಿ ಹೆಚ್ಚು ನೀರು ಬಿಟ್ಟಾಗ ಅದು ಮುಳುಗುತ್ತದೆ, ಪೊಲೀಸರು ಸಂಚಾರ ನಿಲ್ಲಿಸುತ್ತಾರೆ, ನೀರಿಳಿದ ಮೇಲೆ ಕಿತ್ತುಹೋದ ಕಂಬಿಗಳ ರಿಪೇರಿ. ಎತ್ತರದ ಹೊಸ ಸೇತುವೆ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. ಕೇಳುವುದು ನ್ಯಾಯವಾಗಿಯೇ ಇದೆ. ದಿನಾ ಕಾಲೇಜಿಗೋ ಅಕ್ಕಿ ಗಿರಣಿಗೋ ಗಂಗಾವತಿಗೆ ಹೋಗಿ ಬರುವವರ ಬದುಕು ಡ್ಯಾಂನ ಗೇಟಿಗೆ ಕಟ್ಟುಬಿದ್ದಿರಬಾರದು. "ಹೊಳಿ ಬಂದ್ರ ಬುಕ್ಕಸಾಗರದ ಮ್ಯಾಲ ಸುತ್ತಿ ಹೋಗ್ಬೇಕ್ರಿ ಅಕ್ಕಾರ" ಎಂದ ಡ್ರೈವರ್, ಗಂಗಾವತಿ ಬಸ್ಸನ್ನು ಸೇತುವೆಯ ಮೇಲೆ ನಿಧಾನ ಓಡಿಸುತ್ತ. ಮಳೆಗಾಲದಲ್ಲಿ ಈ ಕಡೆ ಬರುವವರು ಡ್ಯಾಂನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.