ಆರನೆಯ ವರ್ಷದ ಹಲ್ಲು

ನಮ್ಮ ಕಾಸರಗೋಡಿನ ಕಡೆಯ ಹಳೆಯ ಮನೆಗಳಲ್ಲಿ ಹಲ್ಲುಜ್ಜುವುದೆಂದರೆ ಕೇವಲ ಬೆಳಗಿನ ಕೆಲಸವಾಗಿತ್ತು. ಅಡಿಕೆ ತೋಟಗಳ ನಡುವೆ ಬೆಳೆದ ನಮಗೆ 1970ರ ದಶಕದ ಆ ಬೆಳಗುಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಬಾವಿಕಟ್ಟೆಯ ಮೂಲೆಯಲ್ಲಿ ತೆಂಗಿನ ಗೆರಟೆಯೊಂದರ ತುಂಬ ಉಮಿಕರಿ. ಕೆಲವೊಮ್ಮೆ ಅದಕ್ಕೆ ಒಂದು ಚಿಟಿಕೆ ಉಪ್ಪು. ಅದು ಬೇಡವೆಂದವರಿಗೆ ಮಾವಿನ ಎಲೆ. ಕೊನೆಯಲ್ಲಿ ತೆಂಗಿನ ಗರಿಯ ಕಡ್ಡಿಯನ್ನು ಸೀಳಿ ನಾಲಗೆ ಹೆರೆದು, ಬಾಯಿ ಮುಕ್ಕಳಿಸಿ ಬಂದವರಿಗೆ ಮಾತ್ರ ಕಾಫಿ. ಈ ನಿಯಮವನ್ನು ಮೀರುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ಹಲ್ಲುಜ್ಜಬೇಕೆಂದು ನಮಗೆ ಯಾರೂ ಹೇಳಿದ್ದಿಲ್ಲ. ನಾವೂ ನಮ್ಮ ಮಕ್ಕಳಿಗೆ ಹೇಳಲಿಲ್ಲ.

ಅದರ ಬೆಲೆಯನ್ನು ತೆತ್ತವಳು ನಮ್ಮ ಮಗಳು.

2011ರ ಮಳೆಗಾಲ. ಅವಳಿಗೆ ಆಗ ಒಂಬತ್ತು ವರ್ಷ. ಕೆಳದವಡೆಯ ಹಿಂಭಾಗದಲ್ಲಿ ನೋವೆಂದು ಕೆಲವು ತಿಂಗಳಿಂದ ಆಗಾಗ ಹೇಳುತ್ತಿದ್ದಳು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಇಟ್ಟೆವು. ಬಿಸಿ ಉಪ್ಪುನೀರಿನಲ್ಲಿ ಮುಕ್ಕಳಿಸಲು ಹೇಳಿದೆವು. ನೋವು ಇಳಿದಾಗ ಮರೆತೆವು. ಹಲ್ಲಿನಲ್ಲಿ ಕಪ್ಪು ಕುಳಿ ಕಾಣುತ್ತಿತ್ತು, ನಿಜ. ಆದರೆ ಹೇಗೂ ಹಾಲುಹಲ್ಲು, ಇಂದಲ್ಲ ನಾಳೆ ಬೀಳುವುದು, ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದರಾಯಿತು ಎಂಬ ನಿಶ್ಚಿಂತೆ ನಮ್ಮದು. ಒಂದು ಬೆಳಗ್ಗೆ ಅವಳ ಕೆನ್ನೆ ಊದಿಕೊಂಡು, ಜ್ವರ ಬಂದು, ಬಾಯಿ ತೆರೆಯಲಾಗದಂತಾದಾಗ ಪೇಟೆಯ ದಂತವೈದ್ಯರಲ್ಲಿಗೆ ಓಡಿದೆವು.

ವೈದ್ಯರು ದೀಪ ಹಿಡಿದು ನೋಡಿ, ನಮ್ಮತ್ತ ತಿರುಗಿ, "ಇದ್ ಪಾಲ್‌ಪ್ಪಲ್ಲ್ ಅಲ್ಲ" ಎಂದರು. ಆ ಮಲಯಾಳ ಮಾತಿನ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಪಾಲು ನಮ್ಮ ಹಾಲು, ಅವರ ಪಲ್ಲು ನಮ್ಮ ಹಲ್ಲು. (ತುಳುವಿನವರು ಮಾತ್ರ ಕೂಳಿ ಎಂದು ಬೇರೆಯೇ ದಾರಿ ಹಿಡಿದಿದ್ದಾರೆ.) ಹಾಲುಹಲ್ಲು ಅಲ್ಲ. ಜೀವಮಾನವಿಡೀ ಇರಬೇಕಾಗಿದ್ದ ಹಲ್ಲು. ಉಳಿಸಿಕೊಳ್ಳುವ ಕಾಲ ಮೀರಿತ್ತು. ಬೇರಿನ ಮೇಲೆ ಉಳಿದುದು ಬರಿಯ ಚೂರು. ಊತ ಇಳಿದ ಮೇಲೆ ಅದನ್ನು ಕಿತ್ತರು. ಮಗಳು ಅಳಲಿಲ್ಲ. ಮನೆಗೆ ಬಂದವಳು, "ಇನ್ನು ಅಲ್ಲಿ ಯಾವಾಗ ಬರುತ್ತದಮ್ಮ?" ಎಂದು ಕೇಳಿದಳು. ಬರುವುದಿಲ್ಲ ಎಂದು ಹೇಳುವುದು ನಮ್ಮಿಬ್ಬರಿಗೂ ಬಹಳ ಕಷ್ಟವಾಯಿತು.

ನಾವು ಮೋಸಹೋದುದು ಎಲ್ಲಿ ಎಂಬುದನ್ನು ಹೇಳಬೇಕು, ಏಕೆಂದರೆ ಅನೇಕ ತಾಯ್ತಂದೆಯರು ಅಲ್ಲೇ ಮೋಸಹೋಗುತ್ತಾರೆ. ಮಗುವಿನ ಇಪ್ಪತ್ತು ಹಾಲುಹಲ್ಲುಗಳು ಬಿದ್ದು ಅವುಗಳ ಜಾಗದಲ್ಲಿ ಹೊಸವು ಬರುವುದನ್ನು ಎಲ್ಲರೂ ಬಲ್ಲರು. ಆದರೆ ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲುಗಳು ಸದ್ದಿಲ್ಲದೆ ಮೂಡುತ್ತವೆ. ಅವು ಶಾಶ್ವತವಾದವು. ಮುಂದಿನ ಹಲ್ಲು ಅಲ್ಲಾಡುವ ಸಂಭ್ರಮದಲ್ಲಿ ಹಿಂದಿನದನ್ನು ಯಾರೂ ಗಮನಿಸುವುದಿಲ್ಲ. ಅವುಗಳ ನೆತ್ತಿಯ ಮೇಲೆ ಆಳವಾದ ಗೀರುಗಳಿರುತ್ತವೆ. ಅರ್ಧ ಮೂಡಿದ ಹಲ್ಲು ಉಳಿದವುಗಳ ಮಟ್ಟಕ್ಕೆ ಏರಿರದ ಕಾರಣ ಬ್ರಷ್ಷು ಅದನ್ನು ಮುಟ್ಟದೆ ಹಾದುಹೋಗುತ್ತದೆ. ತಿಂದ ಬಿಸ್ಕತ್ತಿನ ಹಿಟ್ಟು, ಬೆಲ್ಲ, ಸಕ್ಕರೆ ಆ ಗೀರುಗಳಲ್ಲಿ ನಿಂತು, ಬಾಯಿಯ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸುತ್ತವೆ. ಹಗಲಿನಲ್ಲಿ ಜೊಲ್ಲು ಅದನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಆದುದರಿಂದಲೇ ರಾತ್ರಿ ಉಜ್ಜುವುದನ್ನು ಬಿಡಲೇಬಾರದು. ಬೆಳಗಿನದನ್ನು ಕಾಫಿಯ ಆಸೆಗಾದರೂ ಮಕ್ಕಳು ಮಾಡುತ್ತಾರೆ.

ಮಗನಿಗೆ ಆಗ ಮೂರು ವರ್ಷ. ಅವನ ವಿಷಯದಲ್ಲಾದರೂ ಎಚ್ಚರ ವಹಿಸಬೇಕೆಂದು ಹೊರಟಾಗ ಮೊದಲ ಅಡ್ಡಿ ಬಂದುದು ಮನೆಯ ಹಿರಿಯರಿಂದ. ಮಲಗುವ ಮುನ್ನ ಮೊಮ್ಮಗನಿಗೆ ಸಕ್ಕರೆ ಬೆರೆಸಿದ ಹಾಲು ಕುಡಿಸುವುದು ಅವನಜ್ಜಿಯ ಹಕ್ಕು. "ರಾತ್ರಿಯೇ ಉಜ್ಜಿದರೆ ಬೆಳಗ್ಗೆ ಉಜ್ಜುವುದಕ್ಕೆ ಏನು ಉಳಿಯುತ್ತದೆ? ನಾನು ಉಮಿಕರಿಯಲ್ಲೇ ಉಜ್ಜಿದವಳು, ಈಗಲೂ ಚಕ್ಕುಲಿ ಕಡಿಯುತ್ತೇನೆ" ಎಂದರು. ಮಾತು ಸುಳ್ಳಲ್ಲ. ಆದರೆ ಅವರ ಬಾಲ್ಯದಲ್ಲಿ ಸಿಹಿ ಎಂಬುದು ಹಬ್ಬಕ್ಕೆ ಮಾತ್ರ. ಇವನಿಗೆ ಅಂಗಡಿಯ ಮಿಠಾಯಿ ದಿನನಿತ್ಯ. ಉಮಿಕರಿಯ ತರಿ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತದೆಂಬುದೂ ಅಂದು ತಿಳಿದಿರಲಿಲ್ಲ. ವಾದ ಮಾಡುವುದರಲ್ಲಿ ಫಲವಿಲ್ಲವೆಂದು ಒಪ್ಪಂದಕ್ಕೆ ಬಂದೆವು. ಹಾಲು ಊಟದ ಜೊತೆಗೇ ಆಗಲಿ. ಸಕ್ಕರೆ ದಿನಕ್ಕಿಷ್ಟು ಕಡಿಮೆಯಾಗಲಿ. ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ. ಸಕ್ಕರೆ ಪೂರ್ತಿ ನಿಲ್ಲಲು ಎರಡು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಕದ್ದು ಹಾಕಿದ್ದೂ ಉಂಟು. ಅದನ್ನು ನಾವು ಕಾಣದಂತೆ ನಟಿಸಿದೆವು.

ಎರಡನೆಯ ಪಾಠ, ಮಗುವಿನ ಕೈಗೆ ಬ್ರಷ್ಷು ಕೊಟ್ಟು ನಾವು ಅಡುಗೆಮನೆಗೆ ಹೋಗುವುದು ಹಲ್ಲುಜ್ಜಿಸಿದಂತಲ್ಲ ಎಂಬುದು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹಿಡಿತ ಇರುವುದಿಲ್ಲ. ಅಭ್ಯಂಜನದ ದಿನ ತಲೆಗೆ ಎಣ್ಣೆ ಹಚ್ಚುವಾಗ ಕೂರಿಸಿಕೊಳ್ಳುವಂತೆ ಮಗನ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು, ದೀಪದ ಕೆಳಗೆ, ಹಿಂದಿನ ಹಲ್ಲಿನಿಂದಲೇ ಆರಂಭಿಸುತ್ತಿದ್ದೆವು. ಮೊದಲ ವಾರ ಬಾಯಿ ಬಿಗಿಹಿಡಿದ, ಕಚ್ಚಿದ, ಅತ್ತ. ಬೈಗುಳದಿಂದ ಆಗದ ಕೆಲಸ ಯಕ್ಷಗಾನದಿಂದ ಆಯಿತು. ಎರಡು ನಿಮಿಷ ಬಾಯಿಯಲ್ಲೇ ಚೆಂಡೆ ಬಾರಿಸುತ್ತ ಕೇಳಿಸಿದರೆ ಬಕಾಸುರನಂತೆ ಬಾಯಿ ತೆರೆಯುತ್ತಿದ್ದ. ಚೆಂಡೆ ನಿಂತಾಗ ಉಜ್ಜುವುದೂ ನಿಲ್ಲಬೇಕು. ಅದು ನಮ್ಮೊಳಗಿನ ಕರಾರು. ಅನಂತರ ಅವನೇ ಒಮ್ಮೆ ಉಜ್ಜಿಕೊಳ್ಳುವನು, ಪಕ್ಕದಲ್ಲಿ ನಾವೂ ಉಜ್ಜುವೆವು. ನೆಂಟರ ಮನೆಯ ಮದುವೆ, ಬಯಲಾಟದ ರಾತ್ರಿಗಳಲ್ಲಿ ತಪ್ಪಿದ್ದಿದೆ. ಮರುದಿನ ಮತ್ತೆ ಹಿಡಿದೆವು.

ಪೇಸ್ಟಿನ ಬಗ್ಗೆ ಒಂದು ಮಾತು. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಬಳಿದು ತೋರಿಸುತ್ತಾರೆ. ಮಾರುವವರಿಗೆ ಅದು ಲಾಭ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಆರರವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕು. ನುಂಗಬಾರದು, ಉಗುಳಬೇಕು, ಉಗುಳಿದ ಮೇಲೆ ಲೋಟಗಟ್ಟಲೆ ನೀರಿನಿಂದ ಮುಕ್ಕಳಿಸಬಾರದು. ಅನಂತಪುರ ಸೀಮೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಅತಿಯಾಗಿದ್ದು ಮಕ್ಕಳ ಹಲ್ಲು ಕಲೆಗಟ್ಟುವುದುಂಟು. ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಬಂಧುಗಳು ತಮ್ಮ ವೈದ್ಯರನ್ನು ಕೇಳಿ ಪೇಸ್ಟನ್ನು ಆರಿಸುವುದು ಲೇಸು.

2014ರ ಒಂದು ರಾತ್ರಿ ಮಗನನ್ನು ತೊಡೆಯ ಮೇಲೆ ಒರಗಿಸಿಕೊಂಡಿದ್ದಾಗ ಕರೆಂಟು ಹೋಯಿತು. ಓದುತ್ತಿದ್ದ ಮಗಳು ಟಾರ್ಚು ಹಿಡಿದು ಬಂದು ತಮ್ಮನ ಬಾಯಿಯೊಳಗೆ ಬೆಳಕು ಬಿಟ್ಟಳು. ಬಹಳ ಹೊತ್ತು ನೋಡಿದಳು. "ಅಮ್ಮಾ, ಕೆಳಗೆ ಬಲಗಡೆ ಬಂದಿದೆ. ಒಸಡಿನಿಂದ ಸ್ವಲ್ಪವೇ ಮೇಲಿದೆ, ಬ್ರಷ್ಷನ್ನು ಅಡ್ಡ ಹಿಡಿಯಬೇಕು" ಎಂದಳು. ಅವಳದು ಹೋದುದೂ ಅದೇ ಬಲಗಡೆಯದು. ಬ್ರಷ್ಷನ್ನು ನಮ್ಮ ಕೈಯಿಂದ ತೆಗೆದುಕೊಂಡು, ಆ ರಾತ್ರಿ ಅವಳೇ ಉಜ್ಜಿಸಿದಳು.